ಬೋರಲಿಟ್ಟ ತಾಟುಗಳು

ಮಳೆ ಶುರುವಾಗಿ ನಾಲ್ಕು ದಿನವಾಗಿತ್ತು. ಬದಲಾಪುರದ ನಮ್ಮ ಮನೆಯಲ್ಲಿ ಅಡುಗೆ ಕಟ್ಟೆಯ ಪಕ್ಕ ಒಂದು ಮೊಳೆಗೆ ಪಾತ್ರೆ ಒರೆಸುವ ಬಟ್ಟೆ ತೂಗುಹಾಕಿರುತ್ತೇವೆ. ಬೆಳಿಗ್ಗೆ ಅದನ್ನು ಕೈಗೆ ತೆಗೆದುಕೊಂಡಾಗ ಅರ್ಧ ಒಣಗಿದ ಹತ್ತಿಯ ಮುಗ್ಗಲು ವಾಸನೆ ಬಂತು. ಸೊಸೆ ಬಟ್ಟೆಯನ್ನು ಒಗೆಯಲು ಹಾಕಿ ಬೇರೆಯದನ್ನು ತಂದುಕೊಟ್ಟಳು. ವಾಸನೆ ಮಾತ್ರ ನನ್ನ ಕೈಯಲ್ಲಿ ಉಳಿಯಿತು... ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಗ್ಯಾಲರಿಯಲ್ಲಿ, ತಂತಿಯ ಮೇಲೆ ನೇತಾಡುತ್ತಿದ್ದ ಒಂದು ಬಟ್ಟೆಗೂ ಮೊದಲ ಮಳೆಗೆ ಇದೇ ವಾಸನೆ ಬಂದಿತ್ತು. ಆ ಬಟ್ಟೆಯ ಒಡತಿ ಆಗಲೇ ಅಲ್ಲಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮದುವೆಯಾಗಿ ವಿಜಾಪುರದಿಂದ ನೇರವಾಗಿ ಡೊಂಬಿವಲಿಗೆ ಬಂದಿದ್ದೆ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಚಾಳು. ಮೇಲಿನ ಮಹಡಿಯಲ್ಲಿ ಸಾಲಾಗಿ ಆರು ಖೋಲಿ, ಒಂದೊಂದೇ ಕೋಣೆಯ ಮನೆಗಳು, ಮುಂದೆ ಉದ್ದಕ್ಕೂ ಒಂದೇ ಗ್ಯಾಲರಿ. ನಮ್ಮದು ಐದನೆಯ ಖೋಲಿ. ನನ್ನ ಗಂಡ ಕೋಪರಿಯ ಒಂದು ಛಾಪಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಏಳರ ಗಾಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಲ್ಲಿಯವರೆಗೆ ನನಗೆ ಮಾತಿರಲಿಲ್ಲ. ಮರಾಠಿ ಕಿವಿಗೆ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಗ್ಯಾಲರಿಯ ಹೆಂಗಸರು ನಗುತ್ತಿದ್ದರು. ಕೆಟ್ಟ ನಗುವಲ್ಲ, ಆದರೂ ನಗು.

ಆರನೆಯದು, ಮೂಲೆಯ ಖೋಲಿ. ಅಲ್ಲಿ, ಮುಂದೆ ನಾನು ಅಕ್ಕ ಎಂದು ಕರೆದವಳು ಇದ್ದಳು. ನಾನು ಬಂದ ಮೂರನೆಯ ದಿನ ನಲ್ಲಿಯ ಹತ್ತಿರ ನನ್ನ ಖಾಲಿ ಕೊಡವನ್ನು ತಾನೇ ಮುಂದಕ್ಕೆ ಸರಿಸುತ್ತ, "ಯಾವೂರ ತಂಗಿ ನಿಂದು?" ಎಂದು ಕೇಳಿದಳು. ಅಷ್ಟು ದಿನದಲ್ಲಿ ಗಂಡನನ್ನು ಬಿಟ್ಟು ಬೇರೆಯವರ ಬಾಯಿಂದ ಕೇಳಿದ ಮೊದಲ ಕನ್ನಡ ಅದು. ನಾನು ಅಲ್ಲೇ ಅತ್ತುಬಿಟ್ಟೆ.

"ಮೊದಲ ಕೊಡ ತುಂಬಸ್ಕೊ," ಎಂದಳು ಅವಳು. "ನೀರ ಹೋದ್ರ ಬರಂಗಿಲ್ಲ. ಅಳೂದು ಮಧ್ಯಾಹ್ನನೂ ಅಳಬಹುದು."

ಅವಳು ರಾಯಚೂರಿನ ಕಡೆಯವಳು. ಮೂವತ್ತೈದರ ಆಸುಪಾಸು ಇರಬೇಕು. ಮಕ್ಕಳಿರಲಿಲ್ಲ. ಅವಳ ಮನೆಯವರನ್ನು ನಾನು ಮಾಮಾ ಎನ್ನುತ್ತಿದ್ದೆ. ಕಲ್ಯಾಣದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವರ್ಷಕ್ಕೆ ಎರಡು ಸಲ ಎಂಟೆಂಟು ದಿನ ಅವರು ಊರಿಗೆ ಹೋಗಿ ಬರುತ್ತಿದ್ದರು. ಅಕ್ಕ ಹೋಗುತ್ತಿರಲಿಲ್ಲ. ನೀ ಯಾಕ ಹೋಗಂಗಿಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಖೋಲಿ ಯಾರ ಕಾಯಬೇಕು?" ಎಂದು ನಕ್ಕಿದ್ದಳು. ಕಾಯುವಂಥದ್ದು ಆ ಖೋಲಿಯಲ್ಲಿ ಏನೂ ಇರಲಿಲ್ಲ. ನನಗೆ ಅದು ಆಗ ತೋರಲಿಲ್ಲ.

ಆ ಗ್ಯಾಲರಿಯಲ್ಲಿ ಪ್ರತಿ ಬಾಗಿಲ ಮುಂದೆಯೂ ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆ ಇರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಒಳಗಿನ ಬಚ್ಚಲ ಮೋರಿಯಲ್ಲಿ ಬೂದಿ, ನಾರು ಹಚ್ಚಿ ಪಾತ್ರೆ ತಿಕ್ಕಿ ತೊಳೆದು, ಬುಟ್ಟಿಯಲ್ಲಿ ಹೊರಗೆ ತಂದು, ಹಲಗೆಯ ಮೇಲೆ ಬೋರಲು ಇಡುತ್ತಿದ್ದರು. ಮೂರು ಗಂಟೆಯ ತನಕ ಬಿಸಿಲು ಅಲ್ಲಿಗೇ ಬೀಳುತ್ತಿತ್ತು. ತವರಿನಲ್ಲಿ ನಾವೂ ಹಾಗೆಯೇ ಮಾಡುತ್ತಿದ್ದೆವು. ಕಟ್ಟೆಯ ಮೇಲೆ ಬೋರಲು ಇಟ್ಟು, ಬಿಸಿಲಿಗೆ ಬಿಟ್ಟು, ಸಂಜೆಗೆ ಎತ್ತಿಡುವುದು. ಬಟ್ಟೆಯಿಂದ ಒರೆಸಿದ ಪಾತ್ರೆ ನನಗೆ ಪೂರ್ತಿ ಒಣಗಿದ್ದು ಎನಿಸುತ್ತಿರಲಿಲ್ಲ.

ಅಕ್ಕನ ಹಲಗೆಯ ಮೇಲೆ ಮಾತ್ರ ಪಾತ್ರೆ ಇರುತ್ತಿರಲಿಲ್ಲ. ಅವಳು ಮೋರಿಯಲ್ಲೇ ಕುಳಿತು, ನೀಲಿ ಚೌಕಳಿಯ ಒಂದು ಬಟ್ಟೆಯಿಂದ ಒಂದೊಂದನ್ನೇ ಒರೆಸಿ ಹಾಗೆಯೇ ಒಳಗಿನ ಮಾಡದಲ್ಲಿ ಇಟ್ಟುಬಿಡುತ್ತಿದ್ದಳು. ಹೊರಗೆ ಬರುತ್ತಿದ್ದುದು ಒದ್ದೆಯಾದ ಆ ಬಟ್ಟೆಯೊಂದೇ. ಅದನ್ನು ಹಿಂಡಿ ಗ್ಯಾಲರಿಯ ತಂತಿಗೆ ಹಾಕುತ್ತಿದ್ದಳು. ನಾಲ್ಕನೆಯ ಖೋಲಿಯ ಕಾಕೂ, ನಮ್ಮ ಗ್ಯಾಲರಿಗೆಲ್ಲ ಹಿರಿಯಳು, ಮರಾಠಿಯಲ್ಲಿ ಚೇಷ್ಟೆ ಮಾಡುತ್ತಿದ್ದಳು: ಕೂಸಿಗೆ ಎರೆದು ಒರೆಸುವ ಹಾಗೆ ಒರೆಸುತ್ತಾಳೆ, ಇನ್ನು ಪೌಡರ್ ಹಚ್ಚುವುದೊಂದು ಬಾಕಿ. ಅಕ್ಕನೂ ನಗುತ್ತಿದ್ದಳು. ನಾನು ಹೋದರೆ ಯಾವಾಗಲೂ ಗಾಜಿನ ಕಪ್ಪಿನಲ್ಲೇ ಚಹಾ ಕೊಡುತ್ತಿದ್ದಳು. ಸ್ಟೀಲಿನ ಲೋಟದಲ್ಲಿ ಒಮ್ಮೆಯೂ ಕೊಟ್ಟಿದ್ದಿಲ್ಲ. ನನಗೆ ಮಾಡುತ್ತಿದ್ದ ಮರ್ಯಾದೆ ಎಂದುಕೊಂಡಿದ್ದೆ.

ಹೀಗೆ ಆರು ತಿಂಗಳು ಕಳೆದಿರಬೇಕು. ಚಳಿಯ ದಿನಗಳಲ್ಲಿ ಅಕ್ಕನಿಗೆ ಜ್ವರ ಬಂತು. ಮಾಮಾ ಕೆಲಸಕ್ಕೆ ಹೋಗಿದ್ದರು. ನಾನು ಗಂಜಿ ಮಾಡಿಕೊಂಡು ಹೋದೆ. ಮೋರಿಯಲ್ಲಿ ಎರಡು ದಿನದ ಪಾತ್ರೆ ಬಿದ್ದಿದ್ದವು.

"ಅವನ್ನ ಮುಟ್ಟಬ್ಯಾಡ ತಂಗಿ. ನಾಳಿಗೆ ನಾನಽ ತೊಳಿತೀನಿ."

"ಸುಮ್ಮನ ಮಲಗಕ್ಕ ನೀ."

"ಬ್ಯಾಡಂದೆ ನೋಡು."

ಎರಡು ಸಲ ಹೇಳಿದಳು. ಸಂಕೋಚ ಎಂದುಕೊಂಡೆ. ಅವಳಿಗೆ ಕಣ್ಣು ಹತ್ತಿದ ಮೇಲೆ ಕುಳಿತು ತಿಕ್ಕಿದೆ. ತಾಟಿನ ತಳದಲ್ಲಿ ಕೊರೆದ ಅಕ್ಷರ ಬೆರಳಿಗೆ ತಾಗಿತು. ಅದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮ ಕಡೆ ಲಗ್ನದ ಪಾತ್ರೆಗಳಿಗೆಲ್ಲ ಹೆಸರು ಹಾಕಿಸುತ್ತಾರೆ. ಮೋರಿಯಲ್ಲಿ ಬೆಳಕೂ ಇರಲಿಲ್ಲ, ಓದಲೂ ಇಲ್ಲ. ತೊಳೆದು, ಹೊರಗೆ ತಂದು, ನನ್ನ ರೂಢಿಯಂತೆ ಅವಳ ಹಲಗೆಯ ಮೇಲೆ ಸಾಲಾಗಿ ಬೋರಲು ಇಟ್ಟೆ. ನಾಲ್ಕು ತಾಟು, ಮೂರು ಲೋಟ, ಒಂದು ಚರಗಿ, ಎರಡು ಬೋಗುಣಿ. ಈಗಲೂ ಎಣಿಸಬಲ್ಲೆ.

ಕಾಕೂ ತನ್ನ ಬಾಗಿಲಿಂದ ಎದ್ದು ಬಂದಳು. ಅವಳು ಹೇಳಿದ್ದು ಇಷ್ಟು: ಇವತ್ತು ಹೊರಗೆ ಬಂದವಲ್ಲ! ನೀನು ಬರುವ ಮೊದಲು ದಿನಾ ಹೀಗೆಯೇ ಇಡುತ್ತಿದ್ದಳು, ನಮ್ಮೆಲ್ಲರ ಹಾಗೆ. ನೀನು ಬಂದಾಗಿನಿಂದಲೇ ಏನೋ ಈ ಒರೆಸುವ ಹುಚ್ಚು. ಹೇಳುತ್ತಲೇ ಬಗ್ಗಿ ಒಂದು ತಾಟಿನ ತಳವನ್ನು ಬೆರಳಿನಿಂದ ಮುಟ್ಟಿದಳು.

"ಹೇ ಕಾಯ್ ಲಿಹಿಲಂಯ?"

ಇದೇನು ಬರೆದಿದೆ ಎಂದು. ವರ್ಷಗಟ್ಟಲೆ ಕಣ್ಣ ಮುಂದೆ ಇದ್ದರೂ ಆ ಗ್ಯಾಲರಿಯ ಹೆಂಗಸರಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ. ಅಕ್ಷರ ಕನ್ನಡದವು.

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ಆ ಕ್ಷಣ ನನಗೆ ಹಿಗ್ಗಾಗಿತ್ತು. ಆರು ತಿಂಗಳಲ್ಲಿ ಮೊದಲ ಸಲ ಆ ಹೆಂಗಸರಲ್ಲಿ ಒಬ್ಬಳು, ನನಗಷ್ಟೇ ಗೊತ್ತಿರುವುದೊಂದನ್ನು ನನ್ನನ್ನು ಕೇಳಿದ್ದಳು. ತಾಟನ್ನು ಎತ್ತಿ, ಬಿಸಿಲಿಗೆ ಹಿಡಿದು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. 'ಸೌ.' ಎಂದು ಶುರುವಾಗಿ ಒಬ್ಬ ಹೆಂಗಸಿನ ಹೆಸರು, ಆಮೇಲೆ ಮಾಮಾನ ಹೆಸರು, ಅವರ ಅಡ್ಡಹೆಸರು. ಆ ಹೆಂಗಸಿನ ಹೆಸರು ಅಕ್ಕನದಾಗಿರಲಿಲ್ಲ.

ಓದಿ ಮುಗಿಸುವ ಹೊತ್ತಿಗೆ ನನಗೆ ತಿಳಿಯಿತು. ಕಾಕೂಗೂ ತಿಳಿಯಿತು. "ಆದರೆ ಇವಳ ಹೆಸರು ಇದಲ್ಲವಲ್ಲ," ಎಂದು ತನ್ನ ಮಾತಿನಲ್ಲಿ ಮೆಲ್ಲಗೆ ಹೇಳಿದಳು. ಅಕ್ಕನ ಬಾಗಿಲ ಪರದೆಯ ಆಚೆ ಮಂಚ ಕಿರುಗುಟ್ಟಿತು. ಅಕ್ಕ ಎದ್ದು ಕುಳಿತಿದ್ದಳೋ, ಗೋಡೆಯ ಕಡೆ ಹೊರಳಿದ್ದಳೋ... ಪರದೆ ಸರಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. ತಾಟನ್ನು ಮತ್ತೆ ಬೋರಲು ಇಟ್ಟು ನನ್ನ ಖೋಲಿಗೆ ಬಂದೆ. ನೀನು ಬಂದಾಗಿನಿಂದ, ಎಂದಿದ್ದಳು ಕಾಕೂ. ನನ್ನ ಜೊತೆ ಕನ್ನಡ ಮಾತಾಡುವ ಆಸೆಯಿಂದ ದಿನಾ ಬಾಗಿಲು ತೆರೆದಿಟ್ಟು ಕಾಯುತ್ತಿದ್ದವಳು, ನನ್ನ ಕಣ್ಣಿಗಂಜಿ ಆರು ತಿಂಗಳು ಪಾತ್ರೆ ಒರೆಸಿದ್ದಳು.

ಜ್ವರ ಬಿಟ್ಟ ಮೇಲೆ ಅಕ್ಕ ನಲ್ಲಿಗೆ ಬಂದಳು. ಕಾಕೂ ಕೆಟ್ಟವಳಲ್ಲ, ದಾರಿ ಮಾಡಿಕೊಡಲೆಂದೇ ಕೇಳಿದಳೇನೋ. ಮೊದಲನೆಯ ಹೆಂಡತಿಯೇ? ತೀರಿಕೊಂಡು ಎಷ್ಟು ವರ್ಷವಾಯಿತು? ಎಲ್ಲರೂ ಕೊಡ ಹಿಡಿದು ನಿಂತಿದ್ದರು. ಅಕ್ಕ ಹೂಂ ಎಂದರೆ ಸಾಕಿತ್ತು.

"ನಾಹೀ," ಎಂದಳು ಅಕ್ಕ. "ಆಹೇ. ಗಾವಾಲಾ."

ಇಲ್ಲ, ಇದ್ದಾಳೆ, ಊರಿನಲ್ಲಿ. ಇಷ್ಟೇ ಹೇಳಿ ಕೊಡ ತುಂಬಿಸಿಕೊಂಡು ಹೋದಳು.

ಸಂಜೆ ನಾನು ಅವಳ ಬಾಗಿಲಿಗೆ ಹೋದೆ. ತಪ್ಪಾಯಿತು ಎನ್ನಲು ಹೋಗಿದ್ದವಳು, ಯಾಕೋ ಅವಳನ್ನೇ ಕೇಳಿಬಿಟ್ಟೆ. "ಹೂಂ ಅಂದಿದ್ರ ಮುಗೀತಿತ್ತಲ್ಲಕ್ಕ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆಕಿ ತಾಟಿನ್ಯಾಗ ಉಣ್ಣತೀನಿ ತಂಗಿ," ಎಂದಳು. "ಆಕಿ ಸತ್ತಾಳ ಅಂತ ಯಾವ ಬಾಯಿಂದ ಹೇಳ್ಲಿ?"

ಮರುದಿನ ಮಧ್ಯಾಹ್ನ ಅಕ್ಕ ಪಾತ್ರೆಗಳನ್ನು ಒರೆಸಲಿಲ್ಲ. ಹೊರಗೆ ತಂದು ಹಲಗೆಯ ಮೇಲೆ ಬೋರಲು ಇಟ್ಟಳು. ಅಂದಿನಿಂದ ದಿನಾ ಹಾಗೆಯೇ. ಚೌಕಳಿ ಬಟ್ಟೆ ತಂತಿಯ ಮೇಲೆಯೇ ಉಳಿದು ಹಪ್ಪಳದಂತೆ ಬಿರುಸಾಯಿತು. ಮೂಲೆಯ ಆಚೆಗಿದ್ದ ನಲ್ಲಿಗೆ ಹೋಗುವಾಗ, ಬರುವಾಗ ನಾನು ಆ ಹಲಗೆಯನ್ನು ದಾಟಬೇಕಿತ್ತು. ಕಾಕೂಗೆ, ಉಳಿದವರಿಗೆ ಅವು ಗೀರುಗಳಷ್ಟೇ. ನನ್ನ ಕಣ್ಣು ಬೇಡವೆಂದರೂ ಓದುತ್ತಿತ್ತು.

ಸಂಕ್ರಾಂತಿ ಬಂತು. ಅರಿಸಿನ ಕುಂಕುಮಕ್ಕೆ ಕಾಕೂ ಪ್ರತಿ ಬಾಗಿಲಿಗೂ ಬಂದು ಕರೆದಳು. ನಮ್ಮ ಬಾಗಿಲಿನಿಂದ ಹಿಂದಿರುಗಿದಳು. ಮೂಲೆಯ ತನಕ ಹೋಗಲಿಲ್ಲ. ಯಾರೂ ಜಗಳವಾಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ನಾನು ಹೋಗದೆ ಇರಬಹುದಿತ್ತು. ಹೋದೆ. ಮದುವೆಯ ರೇಷ್ಮೆ ಸೀರೆ ಉಟ್ಟು ಹೋದೆ.

ಬರುವಾಗ ಅಕ್ಕ ತನ್ನ ಬಾಗಿಲಲ್ಲಿ ನಿಂತಿದ್ದಳು. "ಏನ ಕೊಟ್ರು?" ಎಂದು ಕೇಳಿದಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಸ್ಟೀಲಿನ ಬಟ್ಟಲನ್ನು ತೋರಿಸಿದೆ. ಕೈಗೆ ತೆಗೆದುಕೊಂಡು ಹೊರಳಿಸಿ ತಳ ನೋಡಿದಳು. ನುಣ್ಣಗಿತ್ತು.

"ಚಲೋ ಐತಿ. ಹೆಸರ ಹಾಕಸ್ಕೊ ತಂಗಿ. ನಿಂದು ನಿಂದಽ ಇರ್ಲಿ."

ಆಮೇಲೆ ಮೂರು ತಿಂಗಳು ಅವಳು ಅಲ್ಲಿದ್ದಳು. ನಾವು ಮಾತಾಡುತ್ತಿದ್ದೆವು, ಬಿಸಿಲು, ನೀರು, ತರಕಾರಿ... ಬೇಸಿಗೆಯಲ್ಲಿ ನಾನು ಬಾಣಂತನಕ್ಕೆಂದು ವಿಜಾಪುರಕ್ಕೆ ಹೋಗಿದ್ದೆ. ಮಗುವನ್ನು ಎತ್ತಿಕೊಂಡು ತಿರುಗಿ ಬಂದ ದಿನವೇ ಮಳೆ ಹಿಡಿಯಿತು. ಮೂಲೆ ಖೋಲಿಗೆ ಬೀಗ. ಕಾಕೂಗೆ ಗೊತ್ತಿದ್ದುದು ಇಷ್ಟೇ: ಒಂದು ಬೆಳಿಗ್ಗೆ ಅಕ್ಕ ಕೈಯಲ್ಲಿ ಒಂದು ಚೀಲ ಹಿಡಿದು ಒಬ್ಬಳೇ ಮೆಟ್ಟಿಲಿಳಿದಳು. ನಾಲ್ಕು ದಿನ ಬಿಟ್ಟು ಮಾಮಾ ಪಾತ್ರೆಗಳನ್ನೆಲ್ಲ ಒಂದು ಗೋಣಿಗೆ ತುಂಬಿ, ಊರಿಗೆ ಎಂದು ಹೊತ್ತುಕೊಂಡು ಹೋದರು. ಅಕ್ಕ ಎಲ್ಲಿಗೆ ಹೋದಳು ಎಂದು ಕೇಳಿದ್ದಕ್ಕೆ ಅವರು ಗೋಣಿಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದರಂತೆ. ರಾಯಚೂರಿನ ಕಡೆ ಎಂಬುದನ್ನು ಬಿಟ್ಟರೆ ಅವಳು ಎಂದೂ ಊರಿನ ಹೆಸರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಲಗೆ ಅಲ್ಲೇ ಇತ್ತು. ಪಾತ್ರೆಯ ಬಾಯಿಗಳು ಊರಿದ್ದಲ್ಲೆಲ್ಲ ಬಿಳಿಯ ಉಂಗುರದಂಥ ಗುರುತುಗಳು. ತಂತಿಯ ಮೇಲೆ ಚೌಕಳಿ ಬಟ್ಟೆ ನೆನೆದು, ಅರ್ಧ ಒಣಗಿ, ಮತ್ತೆ ನೆನೆಯುತ್ತಿತ್ತು. ಅದನ್ನು ತೆಗೆಯಲು ಯಾರೂ ಕೈ ಹಾಕಲಿಲ್ಲ. ಒಂದು ದಿನ ಗಾಳಿಗೆ ಹಾರಿಹೋಗಿತ್ತು.

ತಾಟಿನ ಮೇಲಿದ್ದ ಆ ಹೆಸರು ನನಗೆ ಇನ್ನೂ ನೆನಪಿದೆ. ಇಲ್ಲಿ ಬರೆಯುವುದಿಲ್ಲ. ಒಮ್ಮೆ ಓದಿದ್ದೇ ಸಾಕಾಗಿದೆ. ಅಕ್ಕನ ಹೆಸರಿದ್ದ ಒಂದು ಪಾತ್ರೆಯನ್ನೂ ನಾನು ನೋಡಲಿಲ್ಲ.

ಅವಳು ಹೇಳಿದ ಹಾಗೆ ಬಟ್ಟಲಿಗೆ ಹೆಸರು ಹಾಕಿಸಿದೆ. ಮುಂದಿನ ಸಲ ಊರಿಗೆ ಹೋದಾಗ, ಕನ್ನಡದಲ್ಲಿಯೇ. ಅದು ಇನ್ನೂ ಇದೆ. ನನ್ನ ಗಂಡ ಹೋಗಿ ಆರು ವರ್ಷವಾಯಿತು. ಮಗ ಮರಾಠಿ ಶಾಲೆಯಲ್ಲಿ ಕಲಿತವನು. ಈ ಮನೆಯಲ್ಲಿ ಆ ಅಕ್ಷರ ಓದುವವಳು ಈಗ ನಾನೊಬ್ಬಳೇ.

ಇವತ್ತು ಮಧ್ಯಾಹ್ನ ನಾನು ತೊಳೆದುಕೊಟ್ಟ ಪಾತ್ರೆಗಳನ್ನು ಮೊಮ್ಮಗಳು ಹೊಸ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಬಟ್ಟಲು ಕೈಗೆ ಬಂದಾಗ ಹೊರಳಿಸಿ, ತಳದ ಮೇಲೆ ಬೆರಳು ಆಡಿಸಿ ಕೇಳಿದಳು. "ಆಜೀ, ಹೇ ಕಾಯ್ ಲಿಹಿಲಂಯ?"

ಅದೇ ಮಾತು. ನಾನು ಕೈ ಒರೆಸಿಕೊಂಡೆ.

"ನಂದಽ ಹೆಸರು," ಎಂದೆ.

ಅವಳು ಅಚ್ಛಾ ಎಂದು ಬಟ್ಟಲನ್ನು ಕಟ್ಟೆಯ ಮೇಲೆ ಬೋರಲು ಇಟ್ಟು, ಮುಂದಿನ ತಾಟನ್ನು ಕೈಗೆ ತೆಗೆದುಕೊಂಡಳು.