ಮೂರು ಬೆರಳಿನ ಕಣ್ಣು

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ನೈಲಾನ್ ದಾರವನ್ನು ಅದೇ ಸೀಳಿನಲ್ಲಿ ಹಾಯಿಸಿ, ಎಳೆದು, ಗಂಟು ಬಿಗಿಯುತ್ತಿದ್ದರು. ಉಗುರು ಎಷ್ಟು ಬೆಳೆದರೂ ಸೀಳು ಕೂಡಿಕೊಳ್ಳಲಿಲ್ಲ. ರೊಟ್ಟಿ ಬಡಿದ ದಿನ ಅದರೊಳಗೆ ಜೋಳದ ಹಿಟ್ಟು ಸೇರಿ ಒಣಗಿ, ಬೆಳ್ಳಗೆ ಒಂದು ಗೆರೆ ಕಾಣುತ್ತಿತ್ತು.

ನಮ್ಮದು ರಾಯಬಾಗ ತಾಲೂಕಿನಲ್ಲಿ ಕೃಷ್ಣಾ ಹೊಳೆಯ ದಂಡೆಯ ಊರು. ಕಬ್ಬಿನ ಹೊಲದವರ ನಡುವೆ ಮೀನು ಹಿಡಿಯುವವರ ಒಂದಿಷ್ಟು ಮನೆ. ನಾನು ಅಲಖನೂರದಿಂದ ಲಗ್ನವಾಗಿ ಬಂದವಳು. ಗಂಡಸರು ಹೊಳೆಗೆ ಹೋದರೆ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬಲೆಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುವರು. ದಂಡೆಯ ಎಲ್ಲರಿಗೂ ಅವರದೇ ಬಲೆ. ಚಹಾವನ್ನು ಬಸಿಗೆ ಸುರಿದುಕೊಂಡು ಪೂರ್ತಿ ಆರಿದ ಮೇಲೆಯೇ ಕುಡಿಯುವರು. ತವರು ನಿಪ್ಪಾಣಿ ಕಡೆಯದು, ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. "ಗಪ್ಪ ಬಸ್" ಎಂದರೆ ಅವತ್ತಿನ ಮಾತು ಮುಗಿಯಿತು.

ಬಲೆಯ ಕಣ್ಣುಗಳಿಗೆ ಮೂರು ಬೆರಳು ತೂರಿಸಿ ನೋಡುವರು. ತೂರದಿದ್ದರೆ ಬಿಚ್ಚಿ ಮತ್ತೆ ಹೆಣೆಯುವರು. ಸಣ್ಣ ಕಣ್ಣಿನ ಬಲೆ ಹೆಣೆದು ಕೊಡಿ ಎಂದು ಯಾರಾದರೂ ದಾರ ತಂದರೆ, "ಮರಿ ಹಿಡಿಯೂದಕ್ಕ ನನ್ನ ಕೈ ಬರೂದಿಲ್ಲಪ್ಪ" ಎಂದು ದಾರ ವಾಪಸ್ ಕೊಡುತ್ತಿದ್ದರು. ಮೀನು ಹಿಡಿಯುವವರ ಸೊಸೈಟಿಯ ನಿಯಮ, ಮೀನುಗಾರಿಕೆ ಇಲಾಖೆಯ ಫಲಕ ಎಲ್ಲ ಆಮೇಲೆ ಬಂದವು. ಸಣ್ಣ ಕಣ್ಣಿನ ಬಲೆ ಬಳಸಬಾರದು, ಮಳೆಗಾಲದ ಎರಡು ತಿಂಗಳು ಹೊಳೆಗೆ ಬಲೆಯನ್ನೇ ಹಾಕಬಾರದು ಎಂದಿತ್ತು. ಕೆಂಪು ಹೊಸ ನೀರು ಬಂದಾಗ ಮೀನು ತತ್ತಿ ಹೊತ್ತು ಹೊಳೆಯಿಂದ ಹಳ್ಳಕ್ಕೆ ಏರುತ್ತದೆ. ಆಗ ಹಳ್ಳದ ಬಾಯಿಗೆ ಬಲೆ ಕಟ್ಟಿದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಫಲಕ ಓದಿ ಹೇಳಿದಾಗ, "ಇದನ್ನ ಬರದಾಂವ ಹೊಳಿ ನೋಡ್ಯಾನ ಬಿಡು" ಎಂದರು.

ನನ್ನ ಲಗ್ನವಾದ ನಾಲ್ಕನೆಯ ವರ್ಷ ನಮ್ಮನೆಯವರು ಮಿರಜಿನಿಂದ ಮಷಿನ್ ಬಲೆ ತಂದರು. ಅವರು ಅತ್ತೆಗೆ ಒಬ್ಬನೇ ಮಗ. ಆ ಬಲೆಯಲ್ಲಿ ಬೆರಳಿರಲಿ, ಪೆನ್ಸಿಲ್ ತೂರುವುದೂ ಕಷ್ಟವಿತ್ತು. ಆಷಾಢದಲ್ಲಿ ಅದನ್ನು ಹಳ್ಳದ ಬಾಯಿಗೆ ಕಟ್ಟಿ, ಬೆಳಿಗ್ಗೆ ಬುಟ್ಟಿ ತಂದು ಅಂಗಳದಲ್ಲಿ ಇಳಿಸಿದರು. ಮೇಲೆ ದೊಡ್ಡ ಮೀನು, ಕೆಳಗೆ ಬೇವಿನ ಎಲೆಯಷ್ಟು ಮರಿ. ಅತ್ತೆ ದೊಡ್ಡದೊಂದನ್ನು ನನ್ನ ಕೈಗಿಟ್ಟು ಕೊಯ್ಯಲು ಹೇಳಿದರು. ಕೊಯ್ದೆ. ಹಳದಿ ತತ್ತಿ ಬೊಗಸೆ ತುಂಬಿ ಕೆಳಗೆ ಸುರಿಯಿತು.

"ಬಸರಿ ಹೆಂಗಸು ತವರಿಗೆ ಹೊಂಟಿದ್ಲು," ಎಂದರು ಅತ್ತೆ. "ದಾರ್ಯಾಗ ಹಿಡದ್ಯಲ್ಲೊ."

"ಎಲ್ಲಾರೂ ಹಾಕಾಕತ್ತಾರ ಯವ್ವಾ. ನಾ ಒಬ್ಬಾಂವ ಬಿಟ್ರ ಹೊಳಿ ತುಂಬತೈತೇನ?"

ಅತ್ತೆ ಬಯ್ಯಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡರು.

ಮೂರು ದಿನದ ಮೇಲೆ ಸೊಸೈಟಿಯ ಮೀಟಿಂಗ್. ಇಲಾಖೆಯ ಸಾಹೇಬರು ಬಂದಿದ್ದರು. ನಮ್ಮನೆಯವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅತ್ತೆ ಆ ಬಲೆಯನ್ನು ತಲೆಯ ಮೇಲೆ ಹೊತ್ತು ನಡೆದರು, ಹಿಂದೆ ನಾನು. ಸೀದಾ ಟೇಬಲ್ಲಿನ ಮೇಲೆ ಇಳಿಸಿದರು.

"ಇದು ನನ್ನ ಮಗಂದ್ರಿ. ಬರಕೋರಿ."

ಸಾಹೇಬರು ಪೆನ್ನಿನ ಕ್ಯಾಪ್ ತೆಗೆಯಲೇ ಇಲ್ಲ. "ಆಯೀ, ಈ ಸಲ ಬುದ್ಧಿ ಹೇಳಿ ಬಿಟ್ಟುಬಿಡೂಣು."

"ನನ್ನ ಮಗನ್ನ ಬಿಟ್ರ ನಾಳೆ ಯಾರನ್ನ ಹಿಡೀತೀರಿ?"

ಒಂದು ವರ್ಷ ಲೈಸನ್ಸ್ ರದ್ದಾಯಿತು. ಬಲೆಯನ್ನು ಸೊಸೈಟಿಯವರು ಅಲ್ಲೇ ಹಿತ್ತಿಲಲ್ಲಿ ಸುಟ್ಟರು. ಅದು ಕರಗಿ ಕರಿ ಮುದ್ದೆಯಾಗುವವರೆಗೆ ನಮ್ಮನೆಯವರು ನಿಂತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೋದರು. ಅವತ್ತಿನಿಂದ ತಾಯಿಯೊಂದಿಗೆ ಮಾತಾಡಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಸೇರಿದರು. ವರ್ಷ ಕಳೆದು ಲೈಸನ್ಸ್ ತಿರುಗಿ ಕೊಡುತ್ತೇವೆಂದರೂ ಹೊಳೆಗೆ ಇಳಿಯಲಿಲ್ಲ.

ಆರು ವರ್ಷ ಹಾಗೇ ನಡೆಯಿತು. ಇಬ್ಬರೂ ಅದೇ ಪಡಸಾಲೆಯಲ್ಲಿರುವರು. "ಉಣ್ಣಾಕ ಬಾ ಅಂತ ಹೇಳು ಅವಗ" ಎಂದು ಅತ್ತೆ ನನಗೆ ಹೇಳುವರು. "ಆಮ್ಯಾಲೆ ಉಣ್ತೀನಂತ ಹೇಳು ಅಕಿಗೆ" ಎಂದು ಇವರು ನನಗೇ ಹೇಳುವರು. ಒಬ್ಬರಿಗೊಬ್ಬರ ಮಾತು ಕೇಳಿಸಿರುತ್ತಿತ್ತು. ಆದರೂ ನಾನು ಮತ್ತೊಮ್ಮೆ ಹೇಳಬೇಕು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ನೀರಿನ ಚರಿಗೆ ಎತ್ತಿ ಕೊಟ್ಟ ಹಾಗೆ, ಮಾತನ್ನೂ ಕೊಟ್ಟು ನನ್ನ ಕೆಲಸಕ್ಕೆ ಹೋಗುತ್ತಿದ್ದೆ.

ಮರು ಮಳೆಗಾಲ ಹಳ್ಳದ ಬಾಯಿಗೆ ಯಾರೂ ಬಲೆ ಕಟ್ಟಲಿಲ್ಲ. ಮೀನಿನ ಮೇಲಿನ ಮರುಕವಲ್ಲ, ಹೆತ್ತ ಮಗನನ್ನೇ ಹಿಡಿದುಕೊಟ್ಟವಳು ಎಂಬ ಹೆದರಿಕೆ. ಎರಡು ವರ್ಷ ಬಿಟ್ಟು ದಸರೆಯ ಹೊತ್ತಿಗೆ ಯಾರೋ ತೋಳುದ್ದದ ಬಾಳಿ ಮೀನು ಹಿಡಿದು ಅತ್ತೆಗೆ ತೋರಿಸಲು ತಂದರು. ಅಂಥದ್ದು ಸಿಗುವುದು ಎಂದೋ ನಿಂತುಹೋಗಿತ್ತು. ಅತ್ತೆ ಅದರ ಬೆನ್ನು ಸವರಿ, "ಬಂದಿಯೇನವ್ವಾ" ಎಂದು ಒಳಗೆ ಎದ್ದುಹೋದರು.

ಒಂದು ಮಧ್ಯಾಹ್ನ ಕೇಳಿದೆ: "ಅತ್ತೀ, ಹಂಗ ಮಾಡಬಾರದಿತ್ತು ಅನ್ನಸೂದಿಲ್ಲೇನ್ರಿ?"

ಅತ್ತೆ ಇನ್ನೆರಡು ಗಂಟು ಹಾಕಿದರು. "ಮೀನು ಬಂದುವು. ಮಗಾ ಬರಲಿಲ್ಲ," ಎಂದರು. ಕೈ ಚಾಚಿ, "ದಾರ ಕೊಡಿಲ್ಲಿ" ಎಂದರು.

ನನಗೆ ಹೆಣೆಯಲು ಕಲಿಸಿದವರು ಅವರೇ. ಮಳೆಗಾಲದಲ್ಲಿ ಯಾರಾದರೂ ಬಲೆ ಕಟ್ಟಿದ್ದಾರೇನೆಂದು ಸೊಸೈಟಿಯ ಪರವಾಗಿ ಹಳ್ಳದ ಬಾಯಿ ನೋಡಿ ಬರುವ ಹೆಂಗಸರಲ್ಲಿ ಈಗ ನಾನೂ ಒಬ್ಬಳು. ಹೋದ ವರ್ಷ ಬಲೆ ಕಟ್ಟಿದವರ ಹೆಸರು ಬರೆಸಿದೆ. ಅವರಲ್ಲೊಬ್ಬ ನಮ್ಮ ಭಾವಕಿಯವನು, ಗಂಡನ ಮನೆತನದವನೇ. ಬರೆಸುವಾಗ ನನ್ನ ದನಿ ನಡುಗಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನಾನು ಯೋಚಿಸಲು ಹೋಗಿಲ್ಲ.

ಅತ್ತೆ ತೀರಿಕೊಂಡದ್ದು ಆ ಆರನೆಯ ವರ್ಷದ ಕಬ್ಬಿನ ಹಂಗಾಮಿನಲ್ಲಿ. ನಾಲ್ಕು ದಿನದ ಜ್ವರ. ಹಿಂದಿನ ದಿನ ಮಧ್ಯಾಹ್ನ ನನ್ನ ಕೈ ಹಿಡಿದು, "ಅವಗ ಹೇಳು..." ಎಂದರು.

"ಏನ್ ಹೇಳ್ಲಿ ಅತ್ತೀ?"

ಬಹಳ ಹೊತ್ತು ಜಂತಿ ನೋಡಿದರು. "ಏನಿಲ್ಲ. ಉಂಡಾನೇನ ಕೇಳು."

ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ನನಗೆ ಅಳು ಬರಲಿಲ್ಲ. ಓಣಿಯವರನ್ನು ಕರೆದೆ, ನೀರು ಕಾಯಿಸಲು ಒಲೆ ಹಚ್ಚಿದೆ. ನಮ್ಮನೆಯವರು ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸಿ ಬಂದವರು ಹೊಸ್ತಿಲಲ್ಲೇ ನಿಂತರು. ಒಳಗೆ ಬರಲಿಲ್ಲ.

"ಏನರೆ ಅಂದ್ಲೇನ?"

"ಉಂಡಾನೇನ ಕೇಳು ಅಂದ್ರು."

ಅವರು ತಲೆ ಆಡಿಸಿದರು. "ಉಂಡೀನಿ ಅಂತ ಹೇಳು," ಎಂದರು.

ನಾನು ಒಳಗೆ ಹೋದೆ. ಹೇಳಿದೆ.