ಲಿಫ್ಟ್ ಬೈಲಪ್ಪನ ಸಹಿ

ಅರ್ಜಿಯ ಕೊನೆಯ ಪುಟದಲ್ಲಿ 'ಅರ್ಜಿದಾರರ ಸಹಿ' ಎಂಬ ಚೌಕವಿತ್ತು. ಬೈಲಪ್ಪ ಪೆನ್ನು ತೆಗೆದುಕೊಂಡವನೇ ಒಂದು ಕ್ಷಣವೂ ಯೋಚಿಸದೆ ಇಂಗ್ಲಿಷಿನಲ್ಲಿ ಸರ್ರನೆ ಸಹಿ ಎಳೆದ. ಮೊದಲ ಅಕ್ಷರ ದೊಡ್ಡದು, ಕೊನೆಗೊಂದು ಉದ್ದನೆಯ ಬಾಲ, ಬಾಲದ ಕೆಳಗೆ ಎರಡು ಚುಕ್ಕೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಇಷ್ಟು ಚೆಂದದ ಸಹಿಯೇ ಎಂದು ಬೆರಗಾದೆ. ಕನ್ನಡಕ ಹಾಕಿಕೊಂಡು ಓದಿದರೆ, ಅಂಬರೀಶ್ ಎಂದಿತ್ತು.

"ಏನಪ್ಪಾ ಇದು? ನಿನ್ನ ಹೆಸರು ಬೈಲಪ್ಪ ತಾನೇ?"

"ಹೂಂ ಕಣಮ್ಮ."

"ಮತ್ತೆ ಇದ್ಯಾರ ಸಹಿ ಎಳ್ದಿದ್ದೀಯಾ?"

ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ ಶಿವ್ನೇ! ಕೈ ಹಂಗೇ ಓಡೋಯ್ತು. ಇದು ನಮ್ ಓನರ್ದು."

"ಓಡೋಗುತ್ತೆ, ಓಡೋಗುತ್ತೆ! ಆರು ಪುಟ ಪ್ರಿಂಟ್ ತೆಗ್ದಿದ್ದೀನಿ. ಕೈಗೆ ಬುದ್ಧಿ ಹೇಳ್ಕೊಳ್ಳೋಕೆ ಆಗಲ್ವಾ?" ಎಂದು ಗದರಿದೆ.

ದೇವನಹಳ್ಳಿಯಲ್ಲಿ ತಾಲ್ಲೂಕು ಕಚೇರಿಯ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ಏನೇ ಇದ್ದರೂ ಜನ ಮೊದಲು ನನ್ನ ಹತ್ತಿರ ಬರುತ್ತಾರೆ. ಕವಿತಂಗೆ ಬಾಯಿ ಜಾಸ್ತಿ, ಆದರೆ ಅರ್ಜಿ ತಪ್ಪಾಗಲ್ಲ ಎನ್ನುತ್ತಾರೆ. ಎರಡೂ ನಿಜ. ಹನ್ನೊಂದು ವರ್ಷದಲ್ಲಿ ಸ್ವಂತ ಅರ್ಜಿಗೆ ಬೇರೆಯವರ ಸಹಿ ಹಾಕಿದವನನ್ನು ಮಾತ್ರ ನಾನು ಅವತ್ತೇ ನೋಡಿದ್ದು.

ಹೊಸ ಪುಟ ಕೊಟ್ಟೆ. ಈ ಸಲ ಕೈ ಓಡಲಿಲ್ಲ. ಸ್ಲೇಟು ಹಿಡಿದ ಮಗುವಿನಂತೆ ಒಂದೊಂದೇ ಅಕ್ಷರ ಕೂಡಿಸಿ ಬೈಲಪ್ಪ ಎಂದು ಬರೆದ. ಪ ಒತ್ತು ಚೌಕದ ಹೊರಗೆ ಜಾರಿತು. ನನಗೆ ನಗು ಬಂತು, ನಕ್ಕೆ. ಅವನೂ ನಕ್ಕ. ಇವತ್ತು ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೈಲಪ್ಪ ಹೊಸಕೋಟೆ ಕಡೆಯ ಜಡಿಗೇನಹಳ್ಳಿಯವನು. ಐವತ್ತು ತುಂಬಲು ಇನ್ನು ಎರಡು ವರ್ಷ. ಇಲ್ಲಿ ಏರ್‌ಪೋರ್ಟ್ ಬರುತ್ತದೆಂದು ಸುತ್ತ ಹೋಟೆಲುಗಳು ಏಳುವಾಗ ಕಬ್ಬಿಣ ಹೊರುವ ಕೆಲಸಕ್ಕೆ ಬಂದ. ಲಿಫ್ಟ್ ಓಡಾಡುವ ಆ ಎತ್ತರದ ಬಾವಿಯೊಳಗೆ ಕಂಬಿ ಕೂರಿಸುವಾಗ ಉಳಿದವರು ಕೆಳಗೆ ನೋಡಿ ಹೆದರುತ್ತಿದ್ದರಂತೆ. ಇವನಿಗೆ ಹೆದರಿಕೆ ಆಗಲಿಲ್ಲ. ಅಷ್ಟೇ ಅವನ ಅರ್ಹತೆ. ಒಬ್ಬ ತಮಿಳು ಮೇಸ್ತ್ರಿ ಕೈಹಿಡಿದು ಕೆಲಸ ಹೇಳಿಕೊಟ್ಟ. ಆ ಮೇಸ್ತ್ರಿ ಊರಿಗೆ ಹೋದ ಮೇಲೆ ಲಿಫ್ಟ್ ರಿಪೇರಿಯ ಗುತ್ತಿಗೆ ಹಿಡಿಯುವ ಅಂಬರೀಶ್ ಇವನನ್ನು ಸೇರಿಸಿಕೊಂಡ.

ಅಂಬರೀಶನಿಗೆ ಲೈಸೆನ್ಸ್ ಇತ್ತು, ಲಿಫ್ಟಿನ ಬಾವಿಗೆ ಇಣುಕಿದರೆ ತಲೆ ಸುತ್ತುತ್ತಿತ್ತು. ಬೈಲಪ್ಪನಿಗೆ ತಲೆ ಸುತ್ತುತ್ತಿರಲಿಲ್ಲ, ಲೈಸೆನ್ಸ್ ಇರಲಿಲ್ಲ. ಹೇಗಿದೆ ಜೋಡಿ!

ಪ್ರತಿ ಲಿಫ್ಟಿಗೂ ಒಂದು ಸರ್ವಿಸ್ ಕಾರ್ಡ್ ಇರುತ್ತದೆ. ತಿಂಗಳಿಗೊಮ್ಮೆ ಲಿಫ್ಟ್ ನೋಡಿ, ಏನು ಮಾಡಿದೆವೆಂದು ಬರೆದು, ಲೈಸೆನ್ಸ್ ಇರುವವನು ಸಹಿ ಹಾಕಬೇಕು. ಮೊದಮೊದಲು ಬೈಲಪ್ಪ ಕೆಲಸ ಮುಗಿಸಿ ಕಾರ್ಡ್ ತಂದು ಕೊಡುತ್ತಿದ್ದ, ಅಂಬರೀಶ್ ಸಹಿ ಹಾಕುತ್ತಿದ್ದ. ಆಮೇಲೆ ಅದೂ ಅವನಿಗೆ ಬೇಜಾರಾಯಿತು. "ಲೋ ಬೈಲ, ನನ್ ಸಹಿ ಕಲ್ತ್ಕೊಂಡ್ಬಿಡೋ. ಅಲ್ಲೇ ಹಾಕಿ ಬಂದ್ಬಿಡು. ಯಾರ್ ನೋಡ್ತಾರೆ?" ಎಂದು ಒಂದು ಹಾಳೆಯ ಮೇಲೆ ಮಾದರಿ ಹಾಕಿಕೊಟ್ಟ. ಬೈಲಪ್ಪ ಒಂದು ವಾರ ರಾಗಿ ಚೀಲದ ಮೇಲೆ ಹಾಳೆ ಇಟ್ಟುಕೊಂಡು ತಿದ್ದಿದ. "ಅದ್ರಲ್ಲಿ ಯಾವ್ ಅಕ್ಷರ ಎಲ್ಲೈತೆ ಅಂತ ಇವತ್ಗೂ ನಂಗೊತ್ತಿಲ್ಲ ಕಣಮ್ಮ," ಎಂದ ನನ್ನ ಹತ್ತಿರ. ಅದನ್ನು ಹೇಳುವಾಗ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಹಾಳಾದ್ದು.

ಕೆಲಸ ಮಾತ್ರ ಹೇಗೆ ಮಾಡುತ್ತಿದ್ದ ಅನ್ನುತ್ತೀರಿ! ನಮ್ಮ ಅಂಗಡಿಯ ಮೇಲೆ ಮೂರು ಮಹಡಿಯ ಲಾಡ್ಜ್ ಇದೆ. ಅಲ್ಲಿಯ ಲಿಫ್ಟಿಗೆ ಬಂದಾಗ ಮೊದಲು ಬಾಗಿಲ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ, ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ. ಲಿಫ್ಟ್ ಎರಡು ಸಲ ಮೇಲೆ ಕೆಳಗೆ ಹೋಗುವಷ್ಟರಲ್ಲಿ "ಬ್ರೇಕ್ ಸವ್ದೈತೆ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಸವೆದೇ ಇರುತ್ತಿತ್ತು.

ಒಮ್ಮೆ ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ಕರೆಂಟು ಹೋಗಿ, ಸ್ಟ್ರೆಚರಿನ ಮೇಲಿದ್ದ ರೋಗಿಯ ಸಮೇತ ಲಿಫ್ಟ್ ಎರಡು ಮಹಡಿಗಳ ಮಧ್ಯೆ ನಿಂತಿತು. ಬೈಲಪ್ಪ ಮೇಲಿನ ಮೋಟರು ಕೋಣೆಗೆ ಹತ್ತಿ, ಕೈಯಿಂದಲೇ ಬ್ರೇಕನ್ನು ಇಷ್ಟಿಷ್ಟೇ ಸಡಿಲಿಸಿ, ಬೆರಳಗಲ ಬೆರಳಗಲ ಇಳಿಸಿ ಬಾಗಿಲಿಗೆ ತಂದು ನಿಲ್ಲಿಸಿದ. ಅಷ್ಟರಲ್ಲಿ ಅಂಬರೀಶ್ ಇಸ್ತ್ರಿ ಶರಟು ಹಾಕಿಕೊಂಡು ಕಾರಿನಲ್ಲಿ ಬಂದ. ಆಸ್ಪತ್ರೆಯವರು ಲೈಸೆನ್ಸ್ ಮೆಕ್ಯಾನಿಕ್ ಎಂದು ಅವನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಕಾರಿನವರೆಗೆ ಹೊತ್ತದ್ದು ಬೈಲಪ್ಪ. ಅಂಬರೀಶ್ ಅದರಿಂದ ಒಂದು ಸೇಬು ತೆಗೆದು ಕೊಟ್ಟನಂತೆ. "ಅವ್ನು ಒಳ್ಳೇವ್ನೇ ಕಣಮ್ಮ" ಎಂದ ಇವನು. ನನಗೆ ಮೈಯೆಲ್ಲ ಉರಿಯಿತು.

ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಈಗ ಹೊಸ ನಿಯಮ ಬಂದಿದೆ, ಏಪ್ರಿಲ್ ಒಂದರಿಂದ ತನ್ನ ಹೆಸರಿನಲ್ಲೇ ಲೈಸೆನ್ಸ್ ಇಲ್ಲದವನು ಲಿಫ್ಟಿಗೆ ಕೈ ಹಾಕುವಂತಿಲ್ಲ ಎಂದು ಬಿಲ್ಡಿಂಗಿನವರೆಲ್ಲ ಹೇಳತೊಡಗಿದರು. ಅದಕ್ಕೇ ಬೈಲಪ್ಪ ನನ್ನ ಅಂಗಡಿಗೆ ಬಂದದ್ದು. ಲೈಸೆನ್ಸ್ ಸಿಕ್ಕರೆ ಮೆಕ್ಯಾನಿಕ್, ಸಿಗದಿದ್ದರೆ ಐವತ್ತರ ಅಂಚಿನಲ್ಲಿ ಮತ್ತೆ ಕಬ್ಬಿಣ ಹೊರುವ ಆಳು. ಐಟಿಐ ಓದಿರಬೇಕು. ಓದಿಲ್ಲದಿದ್ದರೆ ಹತ್ತು ವರ್ಷದ ಅನುಭವ ತೋರಿಸಬೇಕು, ಕೆಲಸ ಕೊಟ್ಟವನ ಪತ್ರ ಮತ್ತು ಹಳೆಯ ಸರ್ವಿಸ್ ಕಾರ್ಡುಗಳು. ಅರ್ಜಿಯನ್ನು ಎರಡೆರಡು ಸಲ ಓದಿ ಹೇಳಿದೆ. "ಹತ್ತಲ್ಲ ಕಣಮ್ಮ, ನಂದು ಹತ್ತೊಂಬತ್ತು!" ಎಂದು ಕುಣಿದಾಡಿದ.

ಕಾರ್ಡುಗಳ ಚಿಂತೆ ಇರಲಿಲ್ಲ. ತುಂಬಿದ ಕಾರ್ಡನ್ನು ಎಲ್ಲರೂ ಕಸಕ್ಕೆ ಹಾಕುತ್ತಾರೆ. ಬರೆದ ಕಾಗದ ಎಸೆಯಬಾರದೆಂದು ಇವನು ಅಷ್ಟನ್ನೂ ಮನೆಗೆ ಒಯ್ದು ಸಿಮೆಂಟ್ ಚೀಲದಲ್ಲಿ ತುಂಬಿಟ್ಟಿದ್ದ. ಚೀಲ ತಂದು ನನ್ನ ಮೇಜಿನ ಮೇಲೆ ಸುರಿದ. ಇನ್ನೂರಕ್ಕೂ ಹೆಚ್ಚು ಕಾರ್ಡುಗಳು. "ಮೂರನೇ ಮಹಡಿ ಬಾಗಿಲು ಒತ್ತುತ್ತಿತ್ತು, ಸರಿ ಮಾಡಿದೆ." "ಹಗ್ಗದಲ್ಲಿ ಒಂದು ಎಳೆ ಬಿಟ್ಟಿದೆ, ಮುಂದಿನ ತಿಂಗಳು ನೋಡಬೇಕು." ಗುಂಡನೆಯ ಕನ್ನಡ ಅಕ್ಷರಗಳು. ಪ್ರತಿ ಸಾಲಿನ ಕೊನೆಗೂ ಆ ಬಾಲದ ಸಹಿ, ಬಾಲದ ಕೆಳಗೆ ಎರಡು ಚುಕ್ಕೆ.

ಪತ್ರ ಕೊಡಲು ಅಂಬರೀಶ್ ಮೂರು ಸಲ ಅಲೆದಾಡಿಸಿದ. "ನಿಂಗ್ಯಾಕೋ ಲೈಸೆನ್ಸು? ನಾನಿಲ್ವೇನೋ?" ಎಂದ. ಕೊನೆಗೆ ಬೈಲಪ್ಪನ ಹೆಂಡತಿ ಮುನಿವೆಂಕಟಮ್ಮ ಅವನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. "ಕಾಗ್ದ ಕೊಡೋಗಂಟ ನಾನ್ ಏಳಾಕಿಲ್ಲ. ಬರೋರು ಹೋಗೋರು ಕೇಳಿದ್ರೆ ಯಾಕೆ ಕೂತಿವ್ನಿ ಅಂತಾನೂ ಹೇಳ್ತೀನಿ" ಎಂದಳಂತೆ. ಮಧ್ಯಾಹ್ನದೊಳಗೆ ಪತ್ರ ಬಂತು. ಭೇಷ್ ಮುನಿವೆಂಕಟಮ್ಮ, ಎಂದುಕೊಂಡೆ. ಬೈಲಪ್ಪ ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡಿದ್ದಾನೆ, ಕೆಲಸ ಬಲ್ಲವನು ಎಂದು ಬರೆದು ಅಂಬರೀಶ್ ಸ್ವಂತ ಕೈಯಿಂದ ಸಹಿ ಹಾಕಿದ್ದ.

ಮಾರ್ಚ್ ಎರಡನೇ ವಾರ ಬೆಂಗಳೂರಿನ ಕಚೇರಿಯಿಂದ ಪರಿಶೀಲನೆಗೆ ಕರೆ ಬಂತು. ಅಲ್ಲಿ ಮಾತಾಡಲು ಹೆದರಿಕೆ ಎಂದು ನನ್ನನ್ನೂ ಕರೆದ. ಲಿಫ್ಟಿನ ಬಾವಿಗೆ ಹೆದರದವನಿಗೆ ಮೇಜು ಕಂಡರೆ ಭಯ. ಅಂಗಡಿ ಮುಚ್ಚಿ ಹೊರಟೆ. ಅವತ್ತು ಬಿಳಿ ಶರಟು ಹಾಕಿದ್ದ, ಉಗುರಿನ ಗ್ರೀಸನ್ನೆಲ್ಲ ಉಜ್ಜಿ ತೆಗೆದಿದ್ದ.

ಅಧಿಕಾರಿಯ ಹೆಸರು ನವೀನ್‌ಕುಮಾರ್. ಚಿಕ್ಕ ವಯಸ್ಸು, ಮರ್ಯಾದಸ್ಥ, ಕೂರಿಸಿ ಮಾತಾಡಿದ. ಲಿಫ್ಟಿನ ಬಗ್ಗೆ ಏಳೆಂಟು ಪ್ರಶ್ನೆ ಕೇಳಿದ. ಬೈಲಪ್ಪ ಪಟಪಟನೆ ಹೇಳಿದ್ದಲ್ಲದೆ, ನಿಮ್ಮ ಕಚೇರಿಯ ಲಿಫ್ಟಿನ ಬಾಗಿಲು ಎಡಗಡೆ ಉಜ್ಜುತ್ತಿದೆ, ನೋಡಿಸಿ ಸಾರ್ ಎಂದೂ ಸೇರಿಸಿದ. ಅಧಿಕಾರಿ ನಕ್ಕು ಬರೆದುಕೊಂಡ. ಆಯಿತು, ಲೈಸೆನ್ಸ್ ಸಿಕ್ಕೇ ಸಿಕ್ಕಿತು ಎಂದು ನಾನು ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿದೆ.

ಆಮೇಲೆ ಅವನು ಪತ್ರವನ್ನೂ ಕಾರ್ಡುಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದ. ಅಂಬರೀಶನ ಲೈಸೆನ್ಸಿನ ಹಳೆಯ ಫೈಲು ತರಿಸಿ ಅದನ್ನೂ ನೋಡಿದ.

"ಕಾರ್ಡುಗಳ ಮೇಲಿನ ಸಹಿ ಎಲ್ಲಾ ಒಂದೇ ಥರ ಇದೆ. ಫೈಲಲ್ಲಿರೋದೂ ಅದೇ. ಈ ಪತ್ರದ್ದು ಮಾತ್ರ ಬೇರೆ."

ಬಗ್ಗಿ ನೋಡಿದೆ. ಪತ್ರದ ಮೇಲೆ ಎರಡು ಗೀಟು, ಒಂದು ಸೊನ್ನೆ, ಅಷ್ಟೇ. ಬಾಲವಿಲ್ಲ, ಚುಕ್ಕೆಯಿಲ್ಲ. ಇಪ್ಪತ್ತು ವರ್ಷದಲ್ಲಿ ಅಂಬರೀಶನ ಸಹಿ ಸೋಮಾರಿಯಾಗಿ ಅಷ್ಟಕ್ಕೆ ಇಳಿದಿತ್ತು. ಹಳೆಯ ಸಹಿಯನ್ನು ಒಂದು ಚುಕ್ಕೆಯೂ ತಪ್ಪದೆ ಕಾಪಾಡಿಕೊಂಡು ಬಂದವನು ಬೈಲಪ್ಪ.

"ಸಾರ್, ಕಾರ್ಡಲ್ಲಿ ಬರೆದಿರೋದೆಲ್ಲ ಇವ್ರದೇ ಕೈಬರಹ, ನೋಡಿ" ಎಂದೆ ನಾನು.

"ಬರವಣಿಗೆ ಯಾರದ್ದಾದ್ರೂ ಆಗ್ಲಿ ಮೇಡಂ, ಸಹಿ ಯಾರದು ಅನ್ನೋದು ನನ್ ಪ್ರಶ್ನೆ. ಅವ್ರನ್ನೇ ಕೇಳೋಣ" ಎಂದು ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

ಅಂಬರೀಶ್ ಎತ್ತಿದ. ಅಧಿಕಾರಿ ವಿಷಯ ಹೇಳಿದ. "ಎರಡು ಥರ ಸಹಿ ಇದೆ. ನಿಮ್ಮದು ಯಾವ್ದು? ಕಾರ್ಡುಗಳ ಮೇಲಿರೋದಾ, ಪತ್ರದ ಮೇಲಿರೋದಾ?"

ಪತ್ರದ್ದು ನನ್ನದು ಎಂದರೆ ಹತ್ತೊಂಬತ್ತು ವರ್ಷದ ಕಾರ್ಡುಗಳೆಲ್ಲ ಸುಳ್ಳಾಗುತ್ತವೆ, ಅವನ ಲೈಸೆನ್ಸ್ ಹೋಗುತ್ತದೆ. ಬೈಲಪ್ಪ ಫೋನನ್ನೇ ನೋಡುತ್ತಿದ್ದ.

"ಕಾರ್ಡ್‌ದು ನಂದು ಸಾರ್" ಎಂದ ಅಂಬರೀಶ್.

"ಹಾಗಾದ್ರೆ ಪತ್ರ?"

"ಅದು ನಂಗೊತ್ತಿಲ್ಲ ಸಾರ್. ನಾನ್ ಯಾರ್ಗೂ ಪತ್ರ ಕೊಟ್ಟಿಲ್ಲ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಥೂ ನಿನ್ನ! ಸಾರ್, ಅವನು..." ಎನ್ನುವಷ್ಟರಲ್ಲಿ ಬೈಲಪ್ಪ ನನ್ನ ತೋಳು ಹಿಡಿದ. ಬಿಗಿಯಾಗಿ ಹಿಡಿದ, ನೋವಾಯಿತು.

"ಬ್ಯಾಡ ಕಣಮ್ಮ."

ನವೀನ್‌ಕುಮಾರ್ ಅರ್ಜಿಯ ಮೇಲೆ 'ನಕಲಿ ದಾಖಲೆ, ತಿರಸ್ಕೃತ' ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟ. "ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾಗಿತ್ತು. ವಯಸ್ಸಾದೋರು ಅಂತ ಬಿಡ್ತಾ ಇದ್ದೀನಿ. ಇನ್ನು ಈ ಹೆಸರಲ್ಲಿ ಅರ್ಜಿ ಹಾಕ್ಬೇಡಿ" ಎಂದ. ಬೈಲಪ್ಪ ಅವನಿಗೆ ಕೈ ಮುಗಿದು, ಕಾರ್ಡುಗಳನ್ನು ವರ್ಷದ ಪ್ರಕಾರ ಜೋಡಿಸಿ ಚೀಲಕ್ಕೆ ತುಂಬಿದ.

ವಾಪಸ್ ಬರುವ ಬಸ್ಸು ಯಲಹಂಕ ದಾಟಿತು. ನನಗೆ ತಡೆಯಲಾಗಲಿಲ್ಲ. "ಅಲ್ಲಯ್ಯಾ, ಅಲ್ಲೇ ಒಂದು ಹಾಳೆ ಮೇಲೆ ಆ ಸಹಿ ಹಾಕಿ ತೋರಿಸಿದ್ರೆ ನಿಜ ಗೊತ್ತಾಗ್ತಿರಲಿಲ್ವಾ? ಬಾಯಿಗೇನಾಗಿತ್ತು ನಿಂಗೆ?"

"ನಿಜ ಅಂದ್ರೆ ಏನಮ್ಮ? ಈ ಬೈಲ ಹತ್ತೊಂಬತ್ತು ವರ್ಷ ಕಳ್ ಸಹಿ ಹಾಕವ್ನೆ ಅಂತ. ಕಳ್ಳಂಗೆ ಲೈಸೆನ್ಸ್ ಕೊಡ್ತಾರಾ?"

ನನಗೆ ಬಾಯಿ ಜಾಸ್ತಿ ಎನ್ನುವವರು ಅವತ್ತು ನನ್ನನ್ನು ನೋಡಬೇಕಿತ್ತು. ಅವನು ಕಿಟಕಿಯ ಕಡೆ ತಿರುಗಿ ಬಿಳಿ ಶರಟಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡ.

ಏಪ್ರಿಲ್ ಬಂತು. ಅಂಬರೀಶ್ ಇನ್ನೊಬ್ಬನನ್ನು ನೇಮಿಸಿಕೊಂಡ. ತೂಬಗೆರೆಯ ಬೈರೇಶ್, ಇಪ್ಪತ್ನಾಲ್ಕು ವರ್ಷ, ಐಟಿಐ ಮುಗಿಸಿ ಹೊಸದಾಗಿ ಲೈಸೆನ್ಸ್ ಪಡೆದವನು. ಅವನ ಹಿಂದೆ ಸ್ಪ್ಯಾನರಿನ ಚೀಲ ಹೊತ್ತುಕೊಂಡು ಹೋಗುವ ಕೆಲಸ ಬೈಲಪ್ಪನಿಗೆ ಸಿಕ್ಕಿತು. ಅದೂ ಅಂಬರೀಶ್ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು! ಬೈರೇಶ್ ಕೆಟ್ಟವನಲ್ಲ, ಬಾಯಿ ತುಂಬ ಗುರು ಗುರು ಎನ್ನುತ್ತಾನೆ. ನಮ್ಮ ಲಾಡ್ಜಿನ ಲಿಫ್ಟಿಗೆ ಬಂದಾಗ ನೋಡಿದೆ. ಬೈಲಪ್ಪ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದ, ಬೈರೇಶ್ ಮೊಬೈಲ್ ನೋಡುತ್ತಾ ಕೂತಿದ್ದ.

ಜೂನ್ ತಿಂಗಳ ಒಂದು ಬೆಳಿಗ್ಗೆ ಬೈಲಪ್ಪ ಅಂಗಡಿಗೆ ಬಂದ. ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೊಂದು ಸಹಿ ಇತ್ತು.

"ಇದನ್ನ ಒಸಿ ದೊಡ್ಡದಾಗಿ ಜೆರಾಕ್ಸ್ ಮಾಡ್ಕೊಡಮ್ಮ. ಸಣ್ಣ ಗೀಟು ಕಣ್ಣಿಗೆ ಕಾಣಾಕಿಲ್ಲ."

"ಯಾರ ಸಹಿ ಇದು?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

"ಬೈರೇಶಂದು. ಪಾಪ, ಎಲ್ಲಾ ಬಿಲ್ಡಿಂಗ್ಗೂ ಓಡಾಡಕ್ಕೆ ಆಗಲ್ವಂತೆ. ನೀವ್ ನೋಡಿದ್ರೆ ನಾನ್ ನೋಡ್ದಂಗೇ ಗುರು, ನನ್ ಸಹಿ ಕಲ್ತ್ಕೊಂಡ್ಬಿಡಿ ಅಂದ."

"ಬುದ್ಧಿ ಇದೆಯೇನಯ್ಯಾ ನಿಂಗೆ? ಮತ್ತೆ ಅದೇ ಗುಂಡಿಗೆ ಬೀಳ್ತೀಯಾ?"

"ಇನ್ನೇನ್ ಮಾಡ್ಲಿ ಹೇಳಮ್ಮ. ಅವ್ನಿಗೆ ಬ್ರೇಕ್ ಸವ್ದಿರೋದು ಗೊತ್ತಾಗಲ್ಲ. ಒಳ್ಗಡೆ ಜನ ಓಡಾಡ್ತಾರೆ."

ಮೆಷಿನ್ ಎತ್ತಿ ತಲೆಯ ಮೇಲೆ ಹಾಕಿಬಿಡಬೇಕು ಅನ್ನಿಸಿತು, ಯಾರ ತಲೆಯ ಮೇಲೆ ಎಂದು ತಿಳಿಯಲಿಲ್ಲ. ಸುಮ್ಮನೆ ಜೆರಾಕ್ಸ್ ಮಾಡಿಕೊಟ್ಟೆ.

ತಿದ್ದಲು ಖಾಲಿ ಹಾಳೆ ಕೊಡಹೋದರೆ ಬೇಡವೆಂದ. ಶರಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಡಿಸಿದ. ಕೆಂಪು ಶಾಯಿ ಬಿದ್ದ ಅದೇ ಅರ್ಜಿಯ ಕೊನೆಯ ಪುಟ. ಚೌಕದೊಳಗೆ ಬೈಲಪ್ಪ ಎಂದು ಒಂದೊಂದೇ ಅಕ್ಷರ ಕೂಡಿಸಿ ಬರೆದದ್ದು, ಪ ಒತ್ತು ಹೊರಗೆ ಜಾರಿದ್ದು ಹಾಗೇ ಇತ್ತು. ಅದನ್ನು ಬೋರಲು ಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಬೈರೇಶನ ಸಹಿ ತಿದ್ದತೊಡಗಿದ.

ಹತ್ತು ಸಲ ಬರೆದ. ಹನ್ನೊಂದನೆಯದಕ್ಕೆ ಕೈ ಓಡಿತು.

"ಇದು ಅಂಬರೀಶಪ್ಪಂದಕ್ಕಿಂತ ಸಲೀಸು," ಎಂದು ನನ್ನ ಕಡೆ ತಿರುಗಿಸಿದ. "ನೋಡಮ್ಮ, ಸರಿಯಾಗೈತಾ?"

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರಿಯಾಗಿದೆ" ಎಂದೆ.