ಸಾವಿತ್ರಿ ಆರಿಸಿದ ಆಟ

ನಮ್ಮ ಮೇಲಿನ ಮನೆ ಸಾವಿತ್ರಿಯಷ್ಟು ಹಟಮಾರಿಯನ್ನು ನಾನು ಜಪಾನಿನ ಈ ಇಡೀ ಹಮಾಮತ್ಸು ಊರಿನಲ್ಲೇ ಕಂಡಿಲ್ಲ. ಗಂಡ ಶ್ರೀಹರ್ಷ ಮೋಟಾರ್‌ಸೈಕಲ್ ಕಂಪನಿಯಲ್ಲಿ ಎಂಜಿನಿಯರ್. ಮಗಳು ಹರ್ಷಿತಾಗೆ ಒಂಬತ್ತು ವರ್ಷ, ಹುಟ್ಟಿದ್ದೇ ಇಲ್ಲಿ. ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡೋಳು. ಸಾವಿತ್ರಿಯ ಜಪಾನಿಯೋ, ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ತರೋವಷ್ಟು.

ಕೊರೊನಾ ಬಂದು ಸ್ಕೂಲ್ ಮುಚ್ಚಿತು ನೋಡಿ, ಆಗ ಗೊತ್ತಾಯಿತು. ತಾಯಿ ಮಗಳು ದಿನವಿಡೀ ಎರಡು ರೂಮಿನ ಮನೆಯಲ್ಲಿ, ಮಾತೇ ಇಲ್ಲ! "ಕಮಲಾ, ನನ್ನ ಮಗು ನನಗೇ ಪರಕೀಯ ಆಗ್ತಿದೆ ಕಣೇ," ಅಂತ ಸಾವಿತ್ರಿ ಅತ್ತೇಬಿಟ್ಟಳು.

ಮಗಳ ಹುಟ್ಟುಹಬ್ಬಕ್ಕೆ ಒಂದು ವಿಡಿಯೋ ಗೇಮ್ ಕೊಡಿಸೋದು ಅಂತಾಯಿತು. ಎರಡು ಆಟ ನೋಡಿದೆವು. ಎರಡರಲ್ಲೂ ಕಸೂತಿ ಹಾಕಿದ ಹಾಗೆ ಪುಟ್ಟ ಪುಟ್ಟ ಚೌಕ ಜೋಡಿಸಿದ ಚಿತ್ರ, ಕಾದಂಬರಿಯಂಥ ಕಥೆ. ಒಂದು ಇಂಗ್ಲಿಷಿನದು, ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ರೈಲು ಹತ್ತೋ ತಂಗಿಯ ಕಥೆ. ಇನ್ನೊಂದು ಬರೀ ಜಪಾನಿ, ಹೊಸ ಊರಿಗೆ ಬಂದ ಹುಡುಗಿಯ ಕಥೆ.

"ಇಂಗ್ಲಿಷಿದ್ದೇ ತಗೋ, ನಿನಗೂ ಓದೋಕೆ ಬರುತ್ತೆ," ಅಂದೆ.

"ಅದಕ್ಕೇ ಬೇಡ. ಅವರಪ್ಪ ಇಂಗ್ಲಿಷ್ ಕಲಿಸಿದಾರೆ, ಅವಳ ಪಾಡಿಗೆ ಅವಳು ಓದ್ತಾಳೆ, ನನ್ನ ಪಾಡಿಗೆ ನಾನು. ಮಾತು ಎಲ್ಲಿಂದ ಬರುತ್ತೆ?"

"ನಿನಗೆ ತಲೆ ಕೆಟ್ಟಿದೆ!" ಅಂತ ಬೈದೆ. ಕೇಳೋ ಪೈಕಿಯೇ? ಜಪಾನಿದೇ ತಂದಳು.

ಮೈಸೂರಿನ ತವರಿನಲ್ಲಿ ಅವಳಪ್ಪ ಗಮಕ ವಾಚನ ಮಾಡುತ್ತಿದ್ದರು, ಸಾವಿತ್ರಿ ಪಕ್ಕದಲ್ಲಿ ಕೂತು ವ್ಯಾಖ್ಯಾನ ಹೇಳುತ್ತಿದ್ದಳು. ಅವರು ಒಂದು ಪದ್ಯ ಓದಿ ನಿಲ್ಲಿಸಬೇಕು, ಇವಳು ಅರ್ಥ ಬಿಡಿಸಬೇಕು. ಈ ಆಟಕ್ಕೂ ಅದೇ ಪದ್ಧತಿ ಹಾಕಿದಳು. ತೆರೆ ಮೇಲೆ ಮಾತು ಬಂದಾಗಲೆಲ್ಲ ಹರ್ಷಿತಾ ನಿಲ್ಲಿಸಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅಯ್ಯೋ, ಶುರುವಿನಲ್ಲಿ ಏನು ರಂಪ! ಹುಡುಗಿ ಬಟನ್ ಒತ್ತಿಕೊಂಡು ಓಡೋಳು, ಇವಳು ಬಿಡದೆ "ಏನಂತೆ? ಏನಂತೆ?" ಅಂತ ಬೆನ್ನು ಬೀಳೋಳು. ಕೆಳಗೆ ನನಗೆ ಕೇಳಿ ಕೇಳಿ ತಲೆನೋವು. ಬರಬರುತ್ತಾ ಕೂಗಾಟ ಕಡಿಮೆಯಾಯಿತು.

ಒಂದು ಸಂಜೆ ಚಕ್ಕುಲಿ ಡಬ್ಬಿ ಹಿಡಿದು ಹೋದೆ. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತೆ. ಹರ್ಷಿತಾ ಆಟ ನಿಲ್ಲಿಸಿ ತೆರೆಯನ್ನೇ ನೋಡುತ್ತಿದ್ದಳು.

"ಏನಂತೆ?" ಅಂದಳು ಸಾವಿತ್ರಿ.

"ಅಮ್ಮಂಗೆ ಹೇಳ್ಲಾ ಬೇಡ್ವಾ ಅಂತ ಗೇಮ್ ಕೇಳ್ತಿದೆ. ನಾವು ಚೂಸ್ ಮಾಡ್ಬೇಕು."

"ಏನು ಹೇಳೋದು?"

"ಸ್ಕೂಲಲ್ಲಿ ಆ ಹುಡುಗಿ ಹತ್ರ ಯಾರೂ ಕೂರಲ್ಲ. ಲಂಚ್ ಟೈಮಲ್ಲಿ ಯಾರೂ ಮಾತಾಡಲ್ಲ."

"ಪಾಪ! ಹೇಳು ಅಂತ ಒತ್ತು. ಅಮ್ಮಂಗಲ್ಲದೆ ಇನ್ಯಾರಿಗೆ ಹೇಳ್ತಾಳೆ?"

ಹರ್ಷಿತಾ ಒತ್ತಲಿಲ್ಲ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು.

"ಅಮ್ಮಾ, ನನ್ನ ಹತ್ರಾನೂ ಯಾರೂ ಕೂರಲ್ಲ."

ಸಾವಿತ್ರಿ ಮಗಳನ್ನು ಎಳೆದು ತಬ್ಬಿಕೊಂಡಳು. "ಹೇಳು ಪುಟ್ಟಿ. ಮೊದಲಿಂದ ಹೇಳು. ನಾಳೇನೇ ನಿಮ್ಮ ಟೀಚರ್ ಹತ್ರ ಫೋನಲ್ಲಿ ಮಾತಾಡೋಣ. ನೀನು ನನ್ನ ಪಕ್ಕ ಕೂತು ಜಪಾನಿಯಲ್ಲಿ ಹೇಳ್ಕೊಡು."

ಹರ್ಷಿತಾ ಬಿಕ್ಕುತ್ತಾ ಹೇಳತೊಡಗಿದಳು. ಹರಕು ಮುರುಕು ಕನ್ನಡ, ಆದರೂ ಒಂದೂ ಬಿಡದೆ ಎಲ್ಲ ಹೇಳುತ್ತಿದ್ದಳು. ನಾನು ಡಬ್ಬಿ ಅಲ್ಲೇ ಇಟ್ಟು, ಮೆಲ್ಲಗೆ ಬಾಗಿಲು ಎಳೆದುಕೊಂಡು ಇಳಿದು ಬಂದೆ.